ಅಲಾಸ್ಕಾ ಹಡಗಿನಲ್ಲಿ ಅಪ್ಪ ಅಮ್ಮನ ಊಟ: ಹಿಂದಿನ ರಾತ್ರಿಯೇ ಹೇಳಿಡಿ

ಪ್ರಶ್ನೆ: ನಾವು ಸಿಯಾಟಲ್ ಹತ್ತಿರ ಬೆಲ್‌ವ್ಯೂನಲ್ಲಿದ್ದೇವೆ. ಶಿವಮೊಗ್ಗದಿಂದ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದಾರೆ. ಜುಲೈನಲ್ಲಿ ಅವರನ್ನು ಸಿಯಾಟಲ್‌ನಿಂದ ಹೊರಡುವ 7 ರಾತ್ರಿಯ ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಹಡಗು ಇನ್ನೂ ಆರಿಸಿಲ್ಲ. ಅವರಿಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಮ್ಮ ಏಕಾದಶಿ ಮಾಡುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ. ನನ್ನ ಹೆಂಡತಿ ಕುಂದಾಪುರದವಳು, ಅವಳಿಗೆ ಮೀನು ಬೇಕು, ನಾನೂ ತಿನ್ನುತ್ತೇನೆ. 6 ವರ್ಷದ ಮಗಳಿದ್ದಾಳೆ. ಅಪ್ಪ ಅಮ್ಮ ವಾರವಿಡೀ ಬ್ರೆಡ್ಡು, ಹಣ್ಣು ತಿಂದುಕೊಂಡು ಇರಬೇಕಾಗುತ್ತಾ? ಮನೆಯಿಂದ ಏನು ಒಯ್ಯಬಹುದು? ಬೇರೆ ದುಡ್ಡು ಕೊಡುವ ರೆಸ್ಟೋರೆಂಟ್, ಡ್ರಿಂಕ್ಸ್ ಪ್ಯಾಕೇಜ್ ತಗೊಳ್ಳಬೇಕಾ? ಹಡಗಿನಲ್ಲಿ ತಪ್ಪದೆ ತಿನ್ನಬೇಕಾದ್ದು ಏನು?

ಉತ್ತರ: ಬ್ರೆಡ್ಡು, ಹಣ್ಣಿನಲ್ಲಿ ವಾರ ತಳ್ಳುವ ಪರಿಸ್ಥಿತಿ ಬರುವುದಿಲ್ಲ. ಧೈರ್ಯವಾಗಿ ಕರೆದುಕೊಂಡು ಹೋಗಿ. ಆದರೆ ಹತ್ತಿದ ಮೇಲೆ ನೋಡಿಕೊಂಡರಾಯಿತು ಅಂತ ಬಿಟ್ಟರೆ ಮಾತ್ರ ಮೊದಲ ಎರಡು ದಿನ ಅಮ್ಮನವರು ಅನ್ನ ಮೊಸರಿಗೆ ಹುಡುಕಾಡಬೇಕಾಗುತ್ತದೆ. ನಾನು ಹಡಗಿನ ಡೈನಿಂಗ್ ರೂಮಿಗೆ ವೇಟರ್ ಆಗಿ ಸೇರಿ, ಆಮೇಲೆ ಹೆಡ್ ವೇಟರ್ ಆಗಿ ಕೆಲಸ ಮಾಡಿದವನು. ನಮ್ಮ ಕಡೆಯ ಹಿರಿಯರು ಮೆನು ಕಾರ್ಡ್ ಕೈಯಲ್ಲಿ ಹಿಡಿದು ಸಪ್ಪಗೆ ಕೂತಿದ್ದನ್ನು ನೋಡಿದ್ದೇನೆ. ಅದೇ ಟೇಬಲ್‌ಗೆ ಮಾರನೇ ದಿನ ಅನ್ನ, ದಾಲ್, ಹಪ್ಪಳ ಬಂದಾಗ ಅವರು ಹೊಟ್ಟೆ ತುಂಬ ಉಂಡು ಎದ್ದಿದ್ದನ್ನೂ ನೋಡಿದ್ದೇನೆ. ಅಡುಗೆಯವರು ಅವರೇ, ಸಾಮಾನು ಅದೇ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದು ಗೊತ್ತಾಗಿತ್ತು, ಅಷ್ಟೇ.

ಹಡಗಿನ ಅಡುಗೆಮನೆಗೆ ಗ್ಯಾಲಿ ಅಂತಾರೆ. ವಾರಕ್ಕೆ ಬೇಕಾದ ದಿನಸಿ, ತರಕಾರಿ, ಹಾಲು ಬಹುಪಾಲು ಸಿಯಾಟಲ್‌ನಲ್ಲೇ, ನೀವು ಹತ್ತುವ ದಿನವೇ, ಒಳಗೆ ಹೋಗುತ್ತದೆ. ನಡುವೆ ಅಲಾಸ್ಕಾದ ಜುನೋ ಬಂದರಿನಲ್ಲಿ ಇಳಿದು ಕರಿಬೇವು ತರುವ ಮಾತಿಲ್ಲ. ಎರಡು ಮೂರು ಸಾವಿರ ಜನರ ಊಟ, ಅದೂ ಮೂರು ಹೊತ್ತು. ನಾಳೆ ರಾತ್ರಿಯ ಊಟದ ಲೆಕ್ಕ ಇವತ್ತೇ ಮುಗಿದಿರುತ್ತದೆ. ಮದುವೆ ಮನೆಯಲ್ಲಿ ಅಡುಗೆ ಭಟ್ಟರಿಗೆ ಹಿಂದಿನ ದಿನವೇ ಪಟ್ಟಿ ಕೊಡುತ್ತೇವಲ್ಲ, ಇಲ್ಲೂ ಹಾಗೆಯೇ. ಎಲೆ ಹಾಕಿದ ಮೇಲೆ ಹೋಗಿ ಬೇರೆ ಪಲ್ಯ ಬೇಕು ಅಂದರೆ ಯಾರೂ ಏನೂ ಮಾಡುವುದಕ್ಕಾಗುವುದಿಲ್ಲ. ಹಿಂದಿನ ರಾತ್ರಿ ಹೇಳಿದರೆ ಮಾತ್ರ ಮಾಡಿಕೊಡುತ್ತಾರೆ, ಅದೂ ಸಂತೋಷದಿಂದ.

ಹಾಗಾಗಿ ಮೊದಲ ಕೆಲಸ ಟಿಕೆಟ್ ಬುಕ್ ಆದ ಕೂಡಲೇ. ಪ್ರತಿ ಕಂಪನಿಗೂ ವಿಶೇಷ ಆಹಾರದ ಬೇಡಿಕೆ ನೋಡಿಕೊಳ್ಳುವ ವಿಭಾಗ ಇರುತ್ತದೆ. ಅವರಿಗೆ ಇಮೇಲ್ ಹಾಕಿ. ಹೊರಡುವ ದಿನಕ್ಕೆ 45 ದಿನವಾದರೂ ಇರುವಾಗಲೇ ಹಾಕಿದರೆ ನಿಶ್ಚಿಂತೆ. ಬರೀ ವೆಜಿಟೇರಿಯನ್ ಅಂತ ಬರೆಯಬೇಡಿ. ಅದರಲ್ಲಿ ಮೊಟ್ಟೆ, ಚೀಸ್ ಎಲ್ಲ ಸೇರಿಕೊಂಡಿರುತ್ತದೆ. ಇಂಡಿಯನ್ ವೆಜಿಟೇರಿಯನ್ ಅಂತ ಬರೆದು, ಮಾಂಸ, ಮೀನು, ಮೊಟ್ಟೆ, ಮಾಂಸದ ಸ್ಟಾಕ್ (ಮಾಂಸ, ಎಲುಬು ಕುದಿಸಿದ ನೀರು), ಜೆಲಟಿನ್ ಯಾವುದೂ ಬೇಡ ಅಂತ ಬಿಡಿಸಿ ಹೇಳಿ. ಹಾಲು, ಮೊಸರು, ಬೆಣ್ಣೆ ಆಗುತ್ತದೆ ಅನ್ನುವುದನ್ನೂ ಸೇರಿಸಿ. ಇಲ್ಲದಿದ್ದರೆ ವೀಗನ್ ಅಂತ ತಿಳಿದುಕೊಂಡು ಮೊಸರನ್ನೂ ತೆಗೆದುಬಿಡುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ಬೇಡದ ದಿನ ಇದ್ದರೆ ತಾರೀಖು ಸಮೇತ ತಿಳಿಸಿ. ಬಂದ ಉತ್ತರವನ್ನು ಪ್ರಿಂಟ್ ತೆಗೆದು ಕೈಚೀಲದಲ್ಲಿ ಇಟ್ಟುಕೊಳ್ಳಿ.

ಎರಡನೇ ಕೆಲಸ ಹತ್ತಿದ ದಿನ. ಅವತ್ತು ಮಧ್ಯಾಹ್ನ ಎಲ್ಲರೂ ಬಫೆಗೆ ನುಗ್ಗುತ್ತಾರೆ, ತಟ್ಟೆ ಹಿಡಿದು ಜಾಗ ಹುಡುಕುವುದೇ ದೊಡ್ಡ ಕೆಲಸ. ಕೆಲವು ಹಡಗುಗಳಲ್ಲಿ ಆ ಹೊತ್ತಿಗೆ ಮುಖ್ಯ ಡೈನಿಂಗ್ ರೂಮೂ ತೆರೆದಿರುತ್ತದೆ. ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ. ಬಾಗಿಲಲ್ಲಿ ನಿಂತಿರುವವರನ್ನು ಕೇಳಿ. ಊಟ ಮುಗಿದ ಮೇಲೆ ಅಲ್ಲೇ ಮೇತ್ರ ಡಿ, ಅಂದರೆ ಡೈನಿಂಗ್ ರೂಮಿನ ಮುಖ್ಯಸ್ಥರು, ಅಥವಾ ನಿಮ್ಮ ಭಾಗದ ಹೆಡ್ ವೇಟರ್ ಎಲ್ಲಿ ಸಿಗುತ್ತಾರೆ ಅಂತ ಕೇಳಿಕೊಂಡು ಹೋಗಿ ಭೇಟಿ ಮಾಡಿ. ಆ ಪ್ರಿಂಟ್ ತೋರಿಸಿ. ಅಮ್ಮನವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕಾಗದದಲ್ಲಿ ಓದಿದ ಹೆಸರಿಗಿಂತ ಎದುರು ನಿಂತ ಹಿರಿಯರ ಮುಖ ವೇಟರ್‌ಗೆ ಹೆಚ್ಚು ನೆನಪಿರುತ್ತದೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಅವತ್ತಿನಿಂದ ಪ್ರತಿ ರಾತ್ರಿ ಸಿಹಿ ಬರುವ ಹೊತ್ತಿಗೆ ಹೆಡ್ ವೇಟರ್ ನಾಳೆಯ ಮೆನು ತಂದು ತೋರಿಸುತ್ತಾರೆ. ತರದಿದ್ದರೆ ನೀವೇ ಕೇಳಿ. ಅದರಲ್ಲಿ ಆರಿಸಿ, ಅಥವಾ ಮೆನುವಿನಲ್ಲೇ ಇಲ್ಲದ್ದನ್ನು ಕೇಳಿ: ನಾಳೆ ಸ್ವಲ್ಪ ಖಾರವಾಗಿ ಆಲೂ ಗೋಬಿ, ಬಿಳಿ ಅನ್ನ, ತೆಳ್ಳಗಿನ ದಾಲ್, ಒಂದು ಬಟ್ಟಲು ಮೊಸರು. ಸುಮ್ನೆ ಏನಾದರೂ ಇಂಡಿಯನ್ ಕೊಡಿ ಅಂದರೆ ದಿನಾ ಪನೀರ್ ಮಖನಿಯೇ ಬರುತ್ತದೆ. ಕ್ರೀಮ್ ಹಾಕಿದ ಆ ಗ್ರೇವಿ ಮೂರನೇ ದಿನಕ್ಕೆ ಯಾರಿಗಾದರೂ ಬೇಜಾರಾಗುತ್ತದೆ, ಅಲ್ವಾ? ತರಕಾರಿಯ ಹೆಸರು ಹೇಳಿ, ಖಾರ ಎಷ್ಟು ಅಂತ ಹೇಳಿ, ಕ್ರೀಮ್ ಬೇಡ ಅಂತ ಹೇಳಿ. ಹುಳಿ, ಸಾರು ಅಂದರೆ ಉತ್ತರ ಭಾರತದ ಅಡುಗೆಯವರಿಗೆ ಅರ್ಥವಾಗುವುದಿಲ್ಲ. ಸಾಂಬಾರ್, ರಸಂ ಅಂದರೆ ಆಗುತ್ತದೆ. ಆದರೆ ಮಲೆನಾಡಿನ ರುಚಿ ನಿರೀಕ್ಷಿಸಬೇಡಿ. ದಾಲ್ ಅವರ ಕೈಯಲ್ಲಿ ಚೆನ್ನಾಗಿ ಬರುತ್ತದೆ. ಅದನ್ನೇ ಕೇಳುವುದು ಜಾಣತನ.

ಇನ್ನೊಂದು ವಿಷಯ. ದೊಡ್ಡ ಹಡಗುಗಳಲ್ಲಿ ಭಾರತೀಯ ಸಿಬ್ಬಂದಿ ಇದ್ದೇ ಇರುತ್ತಾರೆ. ಗೋವಾ, ಮುಂಬೈ, ಕೇರಳದವರ ಜೊತೆಗೆ ಮಂಗಳೂರು, ಉಡುಪಿ ಕಡೆಯ ಹುಡುಗರೂ ಸಿಗುತ್ತಾರೆ. ಸಮವಸ್ತ್ರದ ಬ್ಯಾಡ್ಜ್ ಮೇಲೆ ಹೆಸರು, ಬಹಳ ಕಡೆ ದೇಶದ ಹೆಸರೂ ಇರುತ್ತದೆ. ಇಂಡಿಯಾ ಅಂತ ಕಂಡರೆ ಮಾತಾಡಿಸಿ. ಅವರು ನಿಮ್ಮ ಟೇಬಲ್‌ನವರೇ ಆಗಿರಬೇಕಿಲ್ಲ. ಗ್ಯಾಲಿಯಲ್ಲಿ ಇಂಡಿಯನ್ ಅಡುಗೆ ಯಾರು ಮಾಡುತ್ತಾರೆ, ಯಾವ ದಿನ ಏನು ಚೆನ್ನಾಗಿರುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ತಿಂಗಳುಗಟ್ಟಲೆ ಮನೆ ಬಿಟ್ಟು ಬಂದ ಹುಡುಗರು. ನಿಮ್ಮ ತಾಯಿಯವರು ಕನ್ನಡದಲ್ಲಿ ಊಟ ಆಯ್ತಾ ಅಂತ ಕೇಳಿದರೆ ಸಾಕು, ಅವರಿಗಾಗಿ ಓಡಾಡುತ್ತಾರೆ.

ಯಾವ ಹಡಗು ಅಂತ ಇನ್ನೂ ಆರಿಸಿಲ್ಲ ಅಂದಿರಿ. ಊಟದ ಮಟ್ಟಿಗೆ ನನ್ನ ಅಭಿಪ್ರಾಯ ಹೀಗಿದೆ. ರಾಯಲ್ ಕೆರಿಬಿಯನ್ ಕಂಪನಿಯ ವಿಂಡ್‌ಜಾಮರ್ ಬಫೆಯಲ್ಲಿ, ಸೆಲೆಬ್ರಿಟಿ ಕಂಪನಿಯ ಓಷನ್‌ವ್ಯೂ ಕೆಫೆಯಲ್ಲಿ ಸಾಮಾನ್ಯವಾಗಿ ಅನ್ನ, ದಾಲ್, ಒಂದೆರಡು ಕರಿ ಇಟ್ಟಿರುತ್ತಾರೆ. ಹಿರಿಯರಿಗೆ ಇದು ದೊಡ್ಡ ಅನುಕೂಲ. ಡೈನಿಂಗ್ ರೂಮಿನಲ್ಲಿ ಮನಸ್ಸಿಗೆ ಬಂದದ್ದು ಸಿಗದಿದ್ದರೂ ಮೇಲೆ ಹೋಗಿ ಉಣ್ಣಬಹುದು. ಕಾರ್ನಿವಲ್‌ನಲ್ಲಿ ರಾತ್ರಿ ಊಟಕ್ಕೆ ಇಂಡಿಯನ್ ವೆಜಿಟೇರಿಯನ್ ತಟ್ಟೆ ಕೇಳಿದರೆ ಮಾಡಿಕೊಡುತ್ತಾರೆ. ನಾರ್ವೇಜಿಯನ್ ಕಂಪನಿ 2000ದಲ್ಲಿ ಶುರು ಮಾಡಿದ ಫ್ರೀಸ್ಟೈಲ್ ಪದ್ಧತಿಯಲ್ಲಿ ಊಟಕ್ಕೆ ನಿಗದಿತ ಸಮಯವೂ ಇಲ್ಲ, ನಿಗದಿತ ಟೇಬಲ್ಲೂ ಇಲ್ಲ. ಚಿಕ್ಕವರಿಗೆ ಅದು ಹಿತ. ನಿಮ್ಮ ತಂದೆ ತಾಯಿಗೆ ಬೇಡ ಅಂತಲೇ ಹೇಳುತ್ತೇನೆ, ಯಾಕೆಂದರೆ ದಿನಾ ಹೊಸ ವೇಟರ್‌ಗೆ ಮೊದಲಿಂದ ಎಲ್ಲ ಹೇಳಬೇಕಾಗುತ್ತದೆ. ಹಾಲೆಂಡ್ ಅಮೆರಿಕ ಮತ್ತು ಪ್ರಿನ್ಸೆಸ್ ಕಂಪನಿಗಳು ಅಲಾಸ್ಕಾಕ್ಕೆ ಹಳೇ ಕೈ. ಗ್ಲೇಸಿಯರ್ ಬೇ ಅನ್ನುವ ಹಿಮನದಿಗಳ ಕೊಲ್ಲಿಯೊಳಗೆ ದಿನಕ್ಕೆ ಎರಡು ದೊಡ್ಡ ಕ್ರೂಸ್ ಹಡಗಿಗೆ ಮಾತ್ರ ಪ್ರವೇಶ. ಅದರಲ್ಲಿ ಹೆಚ್ಚಿನ ಪಾಲು ಇವರದ್ದೇ. ಹಿಮನದಿ ನೋಡಲೇಬೇಕು ಅಂತಿದ್ದರೆ ಇವರ ಹಡಗು ಹಿಡಿದು, ಊಟದ ಇಮೇಲ್ ಇನ್ನಷ್ಟು ಮುಂಚೆ ಕಳಿಸಿ. ಮುಂಬೈಯಿಂದ ಹೊರಡುವ ಕಾರ್ಡೀಲಿಯಾದಂಥ ಹಡಗಾಗಿದ್ದರೆ ಜೈನ ಊಟವೂ ಸಿಗುತ್ತದೆ, ಇಷ್ಟೆಲ್ಲ ತಯಾರಿ ಬೇಕಾಗುತ್ತಿರಲಿಲ್ಲ.

ಊಟದ ಸಮಯ ಆರಿಸುವಾಗ ಸಂಜೆ 5:30ರ ಸುಮಾರಿಗೆ ಇರುವ ಮೊದಲ ಸರದಿಯನ್ನೇ ಹಿಡಿಯಿರಿ. ಎರಡನೆಯದು 8ರ ಹತ್ತಿರ ಶುರುವಾಗಿ ಮುಗಿಯುವಾಗ ಸುಮಾರು 10 ಆಗುತ್ತದೆ. ತಂದೆಯವರ ಮಾತ್ರೆಯ ಹೊತ್ತು ತಪ್ಪುತ್ತದೆ. ನಿಗದಿತ ಸರದಿಯಲ್ಲಿ ಅದೇ ಟೇಬಲ್, ಅದೇ ಇಬ್ಬರು ವೇಟರ್. ಎರಡನೇ ದಿನಕ್ಕೆ ಅವರು ಕೇಳದೆಯೇ ಬಿಸಿನೀರು ತಂದಿಡುತ್ತಾರೆ. ಜುಲೈನಲ್ಲಿ ಜುನೋ ಕಡೆ ರಾತ್ರಿ 10ರವರೆಗೂ ಬೆಳಕಿರುತ್ತದೆ. ಹಾಗಾಗಿ ಬೇಗ ಉಂಡು ಡೆಕ್ ಮೇಲೆ ಹೋಗಿ ಕೂತರೆ ನೋಡುವುದಕ್ಕೆ ಬೇಕಾದಷ್ಟು ಸಮಯ. ನಡುರಾತ್ರಿ ಹಸಿವಾದರೆ ಬಫೆಯ ಒಂದು ಭಾಗವೋ ಪಿಜ್ಜಾ ಕೌಂಟರ್ರೋ ತೆರೆದಿರುತ್ತದೆ. ತಂದೆಯವರು ಇನ್ಸುಲಿನ್ ತಗೊಳ್ಳುವವರಾದರೆ ಕ್ಯಾಬಿನ್‌ಗೆ ಔಷಧಿ ಇಡುವ ಫ್ರಿಜ್, ಸೂಜಿ ಹಾಕುವ ಡಬ್ಬಿ ಎರಡನ್ನೂ ಮೊದಲೇ ಕೇಳಿ. ದಡಕ್ಕೆ ಇಳಿದ ದಿನ ವಾಪಸ್ ಬರುವುದು ತಡವಾಗುವುದು ಸಾಮಾನ್ಯ. ಅವರ ಜೇಬಿನಲ್ಲಿ ಬಿಸ್ಕತ್ತು, ಬಾದಾಮಿ ಇರಲಿ. ಸಕ್ಕರೆ ಹಾಕದ ಸಿಹಿ ದಿನಾ ಒಂದಾದರೂ ಮೆನುವಿನಲ್ಲಿ ಇರುತ್ತದೆ, ಆದರೆ ಬಹುಪಾಲು ಅದಕ್ಕೆ ಮೊಟ್ಟೆ ಹಾಕಿರುತ್ತಾರೆ.

ಈಗ ಎಚ್ಚರ ವಹಿಸಬೇಕಾದ ಭಾಗಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಓದಿ. ಕಣ್ಣಿಗೆ ತರಕಾರಿ ಅಂತ ಕಂಡರೂ ಒಳಗೆ ಬೇರೇನೋ ಇರುವ ಪದಾರ್ಥಗಳು ಹಡಗಿನ ಮೆನುವಿನಲ್ಲಿ ಜಾಸ್ತಿ. ಮೊದಲನೆಯದು ಸೂಪ್. ಫ್ರೆಂಚ್ ಆನಿಯನ್ ಸೂಪ್‌ನಲ್ಲಿ ಕಾಣುವುದು ಈರುಳ್ಳಿ, ಬ್ರೆಡ್, ಚೀಸ್. ಬುಡ ಮಾತ್ರ ದನದ ಎಲುಬು ಕುದಿಸಿದ ನೀರು. ತರಕಾರಿ ಸೂಪ್‌ಗೂ ಕೋಳಿ ಸ್ಟಾಕ್ ಹಾಕುವುದುಂಟು. ಸೀಸರ್ ಸಲಾಡ್‌ನ ಡ್ರೆಸಿಂಗ್‌ನಲ್ಲಿ ಆಂಕೋವಿ ಅನ್ನುವ ಸಣ್ಣ ಮೀನು ಅರೆದಿರುತ್ತಾರೆ, ಹಸಿ ಮೊಟ್ಟೆಯ ಹಳದಿಯೂ ಇರುತ್ತದೆ. ಥಾಯ್ ಕರಿಯಲ್ಲಿ ಮೀನಿನ ಸಾಸ್. ಜಪಾನಿನ ಮಿಸೊ ಸೂಪ್‌ನಲ್ಲಿ ಒಣಮೀನಿನ ಸಾರ. ಮೆಕ್ಸಿಕನ್ ಕೌಂಟರ್‌ನಲ್ಲಿ ಅರೆದ ಹುರುಳಿಕಾಯಿ ಬೀಜಕ್ಕೆ ಹಂದಿ ಕೊಬ್ಬು ಸೇರಿಸಿರಬಹುದು. ಪಾನಾ ಕೋಟಾ, ಮೌಸ್, ಮಾರ್ಷ್‌ಮ್ಯಾಲೋ ಅನ್ನುವ ಸಿಹಿಗಳಲ್ಲಿ ಪ್ರಾಣಿಯ ಎಲುಬು, ಚರ್ಮದಿಂದ ತೆಗೆದ ಜೆಲಟಿನ್. ಅಸಲಿ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕರಿದ ಆಲೂಗಡ್ಡೆ ಕೂಡ ಕೋಳಿ, ಮೀನು ಕರಿದ ಎಣ್ಣೆಯಲ್ಲೇ ಬಂದಿರಬಹುದು. ಇದನ್ನೆಲ್ಲ ಅಪ್ಪ ಅಮ್ಮನಿಗೆ ಹೇಳಿ ಹೆದರಿಸಬೇಕಾಗಿಲ್ಲ. ಆದರೆ ನಿಮಗೆ ಗೊತ್ತಿರಲೇಬೇಕು. ಇದರಲ್ಲಿ ಏನೇನಿದೆ ಅಂತ ವೇಟರ್‌ನನ್ನು ಕೇಳಿ. ಅವನು ಒಳಗೆ ಹೋಗಿ ವಿಚಾರಿಸಿ ಬಂದು ಹೇಳಿದ ಉತ್ತರವನ್ನು ನಂಬಿ. ನಿಂತಲ್ಲೇ ಹೇಳಿದ ಉತ್ತರವನ್ನು ನಂಬಬೇಡಿ.

ಬಫೆಯಲ್ಲಿ ತಟ್ಟೆ ತಗೊಳ್ಳುವ ಮೊದಲು ಒಂದು ಪೂರ್ತಿ ಸುತ್ತು ಹಾಕಿ. ಮೊದಲ ಕೌಂಟರ್‌ನಲ್ಲೇ ತಟ್ಟೆ ತುಂಬಿಸಿಕೊಂಡು, ಕೊನೆಯಲ್ಲಿ ಅನ್ನ ದಾಲ್ ಕಂಡು ಕೈ ಹಿಸುಕಿಕೊಳ್ಳುವವರು ಬಹಳ ಜನ. ಒಂದೇ ಸೌಟು ನಾಲ್ಕು ಪಾತ್ರೆಗೆ ಓಡಾಡುವುದು ಕಂಡರೆ ಒಳಗಿಂದ ತಾಜಾ ತರಿಸಿಕೊಡಿ ಅಂತ ಕೇಳಿ, ಇಲ್ಲ ಅನ್ನುವುದಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಪಾಸ್ತಾ ಕೌಂಟರ್. ಅಲ್ಲಿ ನಿಮ್ಮ ಎದುರೇ ಮಾಡುತ್ತಾರೆ. ಹೊಸ ಬಾಣಲೆ ತಗೊಳ್ಳಿ ಅಂತ ಮೊದಲು ಹೇಳಿ. ಆಲಿವ್ ಎಣ್ಣೆ ಕಾದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಒಣಮೆಣಸಿನ ಚೂರು ಹಾಕಿಸಿ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿ ಘಮ ಬಂದಾಗ ಅಣಬೆ, ದಪ್ಪ ಮೆಣಸಿನಕಾಯಿ, ಪಾಲಕ್ ಸೊಪ್ಪು, ಆಮೇಲೆ ಟೊಮೆಟೊ ಸಾಸ್. ಕ್ರೀಮ್ ಬೇಡ, ಮೇಲೆ ಚೀಸ್ ಉದುರಿಸುವುದು ಬೇಡ. ಒಗ್ಗರಣೆಯ ರುಚಿ ನಾಲಿಗೆಗೆ ಹತ್ತಿದ ನಮ್ಮವರಿಗೆ ಇದು ಖಂಡಿತ ಸೇರುತ್ತದೆ. ಪಾಸ್ತಾ ಒಣಗಿದ್ದಾ, ಮೊಟ್ಟೆ ಹಾಕಿ ಮಾಡಿದ್ದಾ ಅಂತ ಮಾತ್ರ ಕೇಳಿ. ಒಣ ಸ್ಪಗೆಟ್ಟಿ, ಪೆನ್ನೆಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ.

ಮೊಸರನ್ನದ ಉಪಾಯ ಹೇಳುತ್ತೇನೆ. ಬೆಳಗಿನ ತಿಂಡಿಗೆ ಸಾದಾ ಯೋಗರ್ಟ್ ಇಟ್ಟಿರುತ್ತಾರೆ. ಮಧ್ಯಾಹ್ನ ಅದು ಕಾಣುವುದಿಲ್ಲ, ಆದರೆ ಒಳಗೆ ಇರುತ್ತದೆ. ಕೇಳಿದರೆ ತರುತ್ತಾರೆ. ಸಿಹಿ ಹಾಕದ್ದು ಬೇಕು ಅಂತ ಒತ್ತಿ ಹೇಳಿ, ಇಲ್ಲದಿದ್ದರೆ ಸ್ಟ್ರಾಬೆರಿಯದ್ದು ಬರುತ್ತದೆ. ಬಿಳಿ ಅನ್ನವನ್ನು ಬಟ್ಟಲಿಗೆ ಹಾಕಿ, ಬಿಸಿ ಇರುವಾಗಲೇ ಫೋರ್ಕ್‌ನಿಂದ ಚೆನ್ನಾಗಿ ಮಸೆಯಿರಿ. ಹಡಗಿನ ಅನ್ನ ಉದುರುದುರು, ಮಸೆಯದಿದ್ದರೆ ಮೊಸರಿನ ಜೊತೆ ಬೆರೆಯುವುದಿಲ್ಲ. ಸ್ವಲ್ಪ ಹಾಲು, ಆಮೇಲೆ ಯೋಗರ್ಟ್, ಉಪ್ಪು. ಸಲಾಡ್ ಕೌಂಟರ್‌ನಿಂದ ಸೌತೆಕಾಯಿ, ತುರಿದ ಕ್ಯಾರೆಟ್. ಮೇಲೆ ನಿಮ್ಮ ಪ್ಯಾಕೆಟ್‌ನ ಉಪ್ಪಿನಕಾಯಿ. ಸೀ ಡೇ, ಅಂದರೆ ಯಾವ ಬಂದರಿನಲ್ಲೂ ನಿಲ್ಲದೆ ಸಮುದ್ರದಲ್ಲೇ ಸಾಗುವ ದಿನ, ಮಧ್ಯಾಹ್ನಕ್ಕೆ ಇದರಷ್ಟು ಹಿತವಾದ ಊಟ ಇನ್ನೊಂದಿಲ್ಲ.

ಕಾಫಿ, ಟೀ ವಿಷಯ. ಬಫೆಯ ಬಿಸಿನೀರು ಕುದಿಯುವಷ್ಟು ಬಿಸಿ ಇರುವುದಿಲ್ಲ, ಟೀ ಬ್ಯಾಗ್‌ನ ಬಣ್ಣ ಇಳಿಯುತ್ತದೆ ಅಷ್ಟೇ. ಎರಡು ಬ್ಯಾಗ್ ಹಾಕಿ, ಬಿಸಿ ಹಾಲು ಬೇರೆ ತರಿಸಿ. ಅವರಾಗಿ ಕೊಡುವುದು ತಣ್ಣನೆಯ ಹಾಲು. ಡೈನಿಂಗ್ ರೂಮಿನಲ್ಲಿ ಮಸಾಲಾ ಚಾಯ್ ಕೇಳಿ ನೋಡಿ, ಭಾರತೀಯ ವೇಟರ್ ಇದ್ದರೆ ಬಹಳ ಸಲ ಬರುತ್ತದೆ. ಫಿಲ್ಟರ್ ಕಾಫಿಯ ಹತ್ತಿರ ಬರುವುದು ಎಸ್ಪ್ರೆಸೊಗೆ ಬಿಸಿ ಹಾಲು ಬೆರೆಸಿದ್ದು. ಅದಕ್ಕೆ ಬೇರೆ ದುಡ್ಡು. ಒಂದು ಸ್ಟೀಲ್ ಫ್ಲಾಸ್ಕ್ ಒಯ್ಯಿರಿ, ರಾತ್ರಿ ಬಿಸಿನೀರು ತುಂಬಿಸಿಕೊಂಡು ಕ್ಯಾಬಿನ್‌ಗೆ ತರಬಹುದು.

ಏಕಾದಶಿಯ ದಿನ ಕಷ್ಟವೇ ಇಲ್ಲ. ಹಣ್ಣು, ಹಾಲು, ಒಣಹಣ್ಣು ಬೆಳಗಿನಿಂದ ರಾತ್ರಿವರೆಗೆ ಸಿಗುತ್ತದೆ. ಬೇಯಿಸಿದ ಆಲೂಗಡ್ಡೆಗೆ ಬರೀ ಉಪ್ಪು, ಬೆಣ್ಣೆ ಹಾಕಿ ಕೊಡಿ ಅಂದರೆ ಕೊಡುತ್ತಾರೆ. ಪಂಚಾಂಗ ನೋಡಿ ದಿನ ಮೊದಲೇ ಗುರುತು ಮಾಡಿಕೊಳ್ಳಿ.

ಮನೆಯಿಂದ ಒಯ್ಯುವುದರ ಬಗ್ಗೆ. ಸೀಲ್ ಒಡೆಯದ ಅಂಗಡಿ ಪ್ಯಾಕೆಟ್‌ಗಳಿಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ: ಚಟ್ನಿಪುಡಿ, ಚಿಕ್ಕ ಉಪ್ಪಿನಕಾಯಿ ಪ್ಯಾಕೆಟ್, ಖಾಕ್ರಾ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು ಅಥವಾ ಅವಲಕ್ಕಿಯ ಕಪ್. ಬೆಲ್‌ವ್ಯೂ ಸುತ್ತಮುತ್ತಲಿನ ಇಂಡಿಯನ್ ಅಂಗಡಿಗಳಲ್ಲಿ ಎಲ್ಲ ಸಿಗುತ್ತದೆ. ಅಮ್ಮನವರು ಮಾಡಿದ ಕೋಡುಬಳೆ, ಚಪಾತಿ, ಪುಳಿಯೋಗರೆಯನ್ನು ಹೆಚ್ಚಿನ ಕಂಪನಿಗಳು ಒಳಗೆ ಬಿಡುವುದಿಲ್ಲ. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ನೀರು ಕಾಯಿಸುವ ಕಾಯಿಲ್ ಸಿಕ್ಕಿದರೆ ಎತ್ತಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. ಸಮುದ್ರದ ನಡುವೆ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ, ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಡಬ್ಬಿಯ ಅಡುಗೆಯನ್ನು ಗ್ಯಾಲಿಯಲ್ಲಿ ಬಿಸಿ ಮಾಡಿಕೊಡಿ ಅಂತ ಕೇಳುವುದೂ ವ್ಯರ್ಥ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಾದ ಸಿಡಿಸಿಯವರು ಹಡಗುಗಳ ಅಡುಗೆಮನೆಯನ್ನು ಮುನ್ಸೂಚನೆ ಕೊಡದೆ ಬಂದು ತಪಾಸಣೆ ಮಾಡುತ್ತಾರೆ. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು. 100ಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ಹಡಗು ಫೇಲ್. ಆ ಅಂಕಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ. ಹೊರಗಿನ ಅನ್ನವನ್ನು ಒಳಗೆ ಬಿಟ್ಟುಕೊಂಡು ಆ ಅಂಕ ಕಳೆದುಕೊಳ್ಳಲು ಯಾವ ಶೆಫ್ ಒಪ್ಪುತ್ತಾನೆ?

ಇದೇ ಕಾರಣಕ್ಕೆ ನೀವೂ ಎರಡು ಕೆಲಸ ಮಾಡಿ. ರಾತ್ರಿಗೆ ಅಂತ ಅನ್ನವನ್ನು ಕ್ಯಾಬಿನ್‌ಗೆ ತಂದು ಇಡಬೇಡಿ. ಹೊರಗೆ ಇಟ್ಟ ಅನ್ನ ಬೇಗ ಕೆಡುತ್ತದೆ, ಹಿರಿಯರ ಹೊಟ್ಟೆ ತಡೆಯುವುದಿಲ್ಲ. ಇನ್ನೊಂದು, ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಒಂದನ್ನೇ ನಂಬಬೇಡಿ. ಹಡಗಿನಲ್ಲಿ ವಾಂತಿ ಭೇದಿ ಹಬ್ಬಿಸುವ ನೋರೊವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಮಗಳಿಗೆ ಇದನ್ನು ಅಭ್ಯಾಸ ಮಾಡಿಸಿ, ಬಫೆಯ ಚಿಮಟ ಮುಟ್ಟಿದ ಕೈಯನ್ನು ಬಾಯಿಗೆ ಹಾಕುವುದು ಮಕ್ಕಳೇ.

ಮೊದಲ ಸೀ ಡೇ ಬಗ್ಗೆ ಒಂದು ಮಾತು. ಕೆನಡಾದ ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ದ್ವೀಪಗಳ ಮರೆಯಲ್ಲಿ ಇನ್‌ಸೈಡ್ ಪ್ಯಾಸೇಜ್‌ನೊಳಗೆ ಸಾಗುತ್ತವೆ. ಸಿಯಾಟಲ್‌ನಿಂದ ಹೊರಟವು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರದಲ್ಲಿ ಹೋಗುತ್ತವೆ. ಅಲ್ಲಿ ಹಡಗು ತೂಗುತ್ತದೆ. ಖಾಲಿ ಹೊಟ್ಟೆಯಲ್ಲಿ ಇದ್ದರೆ ತಲೆಸುತ್ತು ಇನ್ನೂ ಜಾಸ್ತಿ. ಸ್ವಲ್ಪ ಸ್ವಲ್ಪವೇ ತಿನ್ನಲಿ: ಉಪ್ಪಿನ ಬಿಸ್ಕತ್ತು, ಹಸಿರು ಸೇಬು, ಶುಂಠಿ. ಹಡಗಿನವರೂ ಇದನ್ನೇ ಕೊಡುತ್ತಾರೆ. ಮಾತ್ರೆ ಬೇಕಾದರೆ ತಂದೆಯವರ ಬೇರೆ ಔಷಧಿಗಳ ಜೊತೆ ಹೊಂದುತ್ತದಾ ಅಂತ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿ. ಡೈನಿಂಗ್ ರೂಮ್ ಕೆಳಗಿನ ಡೆಕ್‌ನಲ್ಲಿ, ನಡುಭಾಗಕ್ಕೆ ಹತ್ತಿರ ಇದ್ದರೆ ಅಲ್ಲಿ ತೂಗಾಟ ಕಡಿಮೆ. ಮೇಲಿನ ಬಫೆಗಿಂತ ಅಲ್ಲಿಯ ತಿಂಡಿ ಅವತ್ತು ಸುಖ.

ಇನ್ನು ತಪ್ಪದೆ ತಿನ್ನಬೇಕಾದ್ದು. ನಿಮ್ಮ ಹೆಂಡತಿಗೆ ಇದು ಹಬ್ಬ. ಅಲಾಸ್ಕಾದಲ್ಲಿ ಮೀನು ಸಾಕಣೆಯನ್ನು 1990ರಲ್ಲೇ ಕಾನೂನು ಮಾಡಿ ನಿಷೇಧಿಸಿದ್ದಾರೆ. ಹಾಗಾಗಿ ಅಲಾಸ್ಕಾ ಸಾಲ್ಮನ್ ಅಂದರೆ ಸಮುದ್ರದಲ್ಲಿ ಹಿಡಿದದ್ದೇ. ಕಿಂಗ್, ಸಾಕಯ್, ಕೋಹೊ, ಪಿಂಕ್, ಚಮ್ ಅಂತ ಐದು ಜಾತಿ. ಸಾಕಯ್ ಕಡುಕೆಂಪು, ರುಚಿ ಗಟ್ಟಿ. ಕಿಂಗ್ ಕೊಬ್ಬಿನಂಶ ಜಾಸ್ತಿ ಇರುವ, ಬಾಯಲ್ಲಿ ಕರಗುವ ಮೀನು. ಬಂಗುಡೆ, ಭೂತಾಯಿ ತಿಂದು ಬೆಳೆದವರಿಗೆ ಸಾಕಯ್ ಹೆಚ್ಚು ಹಿಡಿಸುತ್ತದೆ ಅನ್ನುವುದು ನನ್ನ ಅನಿಸಿಕೆ. ಹಡಗಿನ ಮೆನುವಿನಲ್ಲಿ ಅಟ್ಲಾಂಟಿಕ್ ಸಾಲ್ಮನ್ ಅಂತ ಇದ್ದರೆ ಅದು ಸಾಕಿದ್ದು. ಅದಕ್ಕಾಗಿ ಅಲಾಸ್ಕಾವರೆಗೆ ಹೋಗಬೇಕಾಗಿಲ್ಲ. ಹ್ಯಾಲಿಬಟ್ ಬಿಳಿ ಮಾಂಸದ, ಮುಳ್ಳಿನ ಕಾಟ ಇಲ್ಲದ ಮೀನು. ಕೆಚಿಕನ್ ಅಥವಾ ಜುನೋದ ದಡದಲ್ಲಿ ಹಿಟ್ಟಿನಲ್ಲಿ ಅದ್ದಿ ಕರಿದು ಕೊಡುವುದನ್ನು ತಿನ್ನಿ. ಜುನೋದಲ್ಲಿ ಎಲ್ಲರೂ ಕಿಂಗ್ ಕ್ರ್ಯಾಬ್ ಕಾಲಿಗೆ ಸಾಲು ನಿಲ್ಲುತ್ತಾರೆ. ಆ ಏಡಿಯನ್ನು ಹಿಡಿಯುವುದು ಮುಖ್ಯವಾಗಿ ಅಕ್ಟೋಬರ್ ನಂತರದ ಚಳಿಯಲ್ಲಿ. ಜುಲೈನಲ್ಲಿ ಸಿಗುವುದು ಸಾಮಾನ್ಯವಾಗಿ ಬೇಯಿಸಿ ಫ್ರೀಜ್ ಮಾಡಿಟ್ಟಿದ್ದು. ರುಚಿಯಾಗೇ ಇರುತ್ತದೆ, ಬೆಲೆ ಮಾತ್ರ ಜೋರು. ತಾಜಾ ಬೇಕಾದರೆ ಆ ಕಡೆ ಬೇಸಿಗೆಯಲ್ಲಿ ಹಿಡಿಯುವ ಡಂಜನೆಸ್ ಏಡಿ ಕೇಳಿ.

ಅಪ್ಪ ಅಮ್ಮನಿಗೆ ಬೆಳಗಿನ ಬ್ರೆಡ್ ತಿನ್ನಿಸಿ. ಹಡಗಿನ ಬೇಕರಿಯವರು ರಾತ್ರಿಯೆಲ್ಲ ಕೆಲಸ ಮಾಡುತ್ತಾರೆ. ಬೆಳಗ್ಗೆ ಬೇಗ ಹೋದರೆ ಮುರಿದಾಗ ಹಬೆ ಬರುವಷ್ಟು ತಾಜಾ ಇರುತ್ತದೆ. ಸಾದಾ ಬ್ರೆಡ್‌ಗೆ ಮೊಟ್ಟೆ ಇರುವುದಿಲ್ಲ, ಮೇಲೆ ಹೊಳಪು ಇರುವ ಬನ್‌ಗೆ ಸವರಿರುತ್ತಾರೆ. ಅದನ್ನು ಕೇಳಿ ತಗೊಳ್ಳಿ. ಡೈನಿಂಗ್ ರೂಮಿನಲ್ಲಿ ಸ್ಟ್ರಾಬೆರಿ, ಪೀಚ್ ಹಣ್ಣಿನ ತಣ್ಣನೆಯ ಸೂಪ್ ಇರುತ್ತದೆ. ಕ್ರೂಸ್‌ನಲ್ಲಿ ಬಿಟ್ಟರೆ ಹೊರಗೆ ಅಪರೂಪ. ಮಗಳಿಗೆ ಬಹಳ ಇಷ್ಟವಾಗುತ್ತದೆ. ಬೇಕ್ಡ್ ಅಲಾಸ್ಕಾ ಅನ್ನುವ ಸಿಹಿಯನ್ನು ನೀವಿಬ್ಬರು ತಿನ್ನಿ. ಕೇಕ್ ಮೇಲೆ ಐಸ್‌ಕ್ರೀಮ್, ಅದರ ಮೇಲೆ ನೊರೆ ಬರುವಂತೆ ಕಡೆದ ಮೊಟ್ಟೆಯ ಬಿಳಿ. ಒಲೆಗೆ ಇಟ್ಟರೆ ಮೇಲ್ಪದರ ಕಂದಾಗುತ್ತದೆ, ನೊರೆಯೊಳಗಿನ ಗಾಳಿ ಶಾಖ ತಡೆಯುವುದರಿಂದ ಐಸ್‌ಕ್ರೀಮ್ ಕರಗುವುದಿಲ್ಲ. ಹಿರಿಯರಿಗೆ ಅದು ಆಗದು. ಅವರಿಗೆ ಹಿಂದಿನ ರಾತ್ರಿಯೇ ಖೀರ್ ಹೇಳಿಡಿ, ಅಕ್ಕಿ ಮತ್ತು ಹಾಲು ಯಾವ ಹಡಗಿನಲ್ಲೂ ಇದ್ದೇ ಇರುತ್ತದೆ. ತಂದೆಯವರದಕ್ಕೆ ಸಕ್ಕರೆ ಬೇಡ ಅನ್ನಿ.

ಹಿಮನದಿಯ ದಿನ ಹಾಲೆಂಡ್ ಅಮೆರಿಕ ಹಡಗುಗಳಲ್ಲಿ ಡೆಕ್ ಮೇಲೆ ಬಟಾಣಿ ಸೂಪ್ ಹಂಚುವ ರೂಢಿ ಇದೆ. ಡಚ್ಚರ ಹಳೇ ಸೂಪ್. ಆ ಚಳಿಗೆ ಬಿಸಿ ಬಟ್ಟಲು ಕೈಗೆ ಸಿಕ್ಕಾಗ ಯಾರೂ ಬೇಡ ಅನ್ನುವುದಿಲ್ಲ. ಆದರೆ ಸಾಂಪ್ರದಾಯಿಕವಾಗಿ ಅದಕ್ಕೆ ಹಂದಿ ಮಾಂಸ ಹಾಕುತ್ತಾರೆ. ಅಪ್ಪ ಅಮ್ಮನ ಕೈಗೆ ಬಟ್ಟಲು ಬರುವ ಮೊದಲೇ ನೀವು ಅಲ್ಲಿರಬೇಕು. ಅವತ್ತು ಬೆಳಗ್ಗೆ ಬೇಗ ತಿಂಡಿ ಮುಗಿಸಿ, ಫ್ಲಾಸ್ಕ್‌ನಲ್ಲಿ ಚಹಾ ಇಟ್ಟುಕೊಂಡು ಡೆಕ್‌ಗೆ ಹೋಗಿ.

ದುಡ್ಡಿನ ಲೆಕ್ಕ. ಡೈನಿಂಗ್ ರೂಮ್, ಬಫೆ, ನೀರು, ಸಾದಾ ಕಾಫಿ ಟೀ ಟಿಕೆಟ್‌ನಲ್ಲೇ ಬರುತ್ತದೆ. ಡೈನಿಂಗ್ ರೂಮಿನಲ್ಲಿ ಎರಡು ಸ್ಟಾರ್ಟರ್ ಕೇಳಿದರೂ ಬಿಲ್ ಇಲ್ಲ, ಸಂಕೋಚ ಬೇಡ. ಬೇರೆ ದುಡ್ಡು ಕೊಡುವ ರೆಸ್ಟೋರೆಂಟ್‌ಗೆ ತಲೆಗೆ ಸುಮಾರು 40ರಿಂದ 80 ಡಾಲರ್. ಅವುಗಳಲ್ಲಿ ಬಹಳಷ್ಟು ಸ್ಟೀಕ್ ಹೌಸ್. ತಂದೆ ತಾಯಿಗೆ ಅದು ದಂಡ. ನೀವು ಗಂಡ ಹೆಂಡತಿ ಒಂದು ರಾತ್ರಿ, ಮಗಳನ್ನು ಅಜ್ಜ ಅಜ್ಜಿ ಹತ್ತಿರ ಬಿಟ್ಟು, ಮೀನು ಚೆನ್ನಾಗಿ ಮಾಡುವ ಕಡೆ ಹೋಗಿ ಬನ್ನಿ. ಪ್ಯಾಕೇಜ್ ಬೇಡ. ಮದ್ಯದ ಡ್ರಿಂಕ್ಸ್ ಪ್ಯಾಕೇಜ್ ತಗೊಳ್ಳುವುದಾದರೆ ಒಂದೇ ಕ್ಯಾಬಿನ್‌ನಲ್ಲಿರುವ ದೊಡ್ಡವರೆಲ್ಲ ತಗೊಳ್ಳಬೇಕು ಅನ್ನುವ ನಿಯಮ ಹಲವು ಕಂಪನಿಗಳಲ್ಲಿದೆ. ದಿನಕ್ಕೆ ಐದಾರು ಪೆಗ್ ಕುಡಿಯದವರಿಗೆ ಅದು ನಷ್ಟವೇ. ಟಿಪ್ಸ್ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ತಾನಾಗಿ ಬಿಲ್‌ಗೆ ಸೇರುತ್ತದೆ, ಮಗಳ ಹೆಸರಿನಲ್ಲೂ ಸೇರುತ್ತದೆ. ಅದನ್ನು ತೆಗೆಸಬೇಡಿ. ಅದು ಟೇಬಲ್ ಒರೆಸುವವನ ಸಂಬಳದ ಭಾಗ. ಅಮ್ಮನಿಗಾಗಿ ಬೇರೆ ಅಡುಗೆ ಮಾಡಿಸಿಕೊಟ್ಟ ಹೆಡ್ ವೇಟರ್‌ಗೆ ಕೊನೆಯ ರಾತ್ರಿ ಒಂದಿಷ್ಟು ಕೈಗೇ ಕೊಡಿ. ಅಡುಗೆಯವರ ಹೆಸರು ಕೇಳಿಕೊಂಡು ಅಭಿಪ್ರಾಯದ ಫಾರ್ಮ್‌ನಲ್ಲಿ ಬರೆಯಿರಿ. ಮುಂದಿನ ಕಾಂಟ್ರಾಕ್ಟ್, ಬಡ್ತಿ ನೋಡುವಾಗ ಆ ಹೆಸರುಗಳನ್ನು ನಿಜವಾಗಿಯೂ ನೋಡುತ್ತಾರೆ.

ಊಟಕ್ಕೆ ಸಂಬಂಧವಿಲ್ಲದಿದ್ದರೂ ಇದನ್ನು ಹೇಳದೆ ಇರಲಾರೆ. ಅಮೆರಿಕದ 1886ರ ಒಂದು ಕಾನೂನಿನ ಪ್ರಕಾರ ವಿದೇಶಿ ನೋಂದಣಿಯ ಹಡಗು ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವುದಾದರೆ ನಡುವೆ ಬೇರೆ ದೇಶದ ಬಂದರು ಮುಟ್ಟಲೇಬೇಕು. ಅದಕ್ಕೇ ಸಾಮಾನ್ಯವಾಗಿ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತಾರೆ. ಭಾರತೀಯ ಪಾಸ್‌ಪೋರ್ಟ್‌ನವರಿಗೆ ಕೆನಡಾ ವೀಸಾ ಬೇಕು, ಇಳಿಯದೆ ಹಡಗಿನಲ್ಲೇ ಕೂತರೂ ಕೇಳುತ್ತಾರೆ. ಅಪ್ಪ ಅಮ್ಮನ ವೀಸಾ ವಿಷಯ ಬುಕಿಂಗ್‌ಗೆ ಮೊದಲೇ ಖಚಿತ ಮಾಡಿಕೊಳ್ಳಿ. ಅವತ್ತು ಊಟದ ಸಮಯವೂ ಹಿಂದು ಮುಂದಾಗುತ್ತದೆ, ಬೆಳಗ್ಗೆಯೇ ಕಾರ್ಯಕ್ರಮದ ಹಾಳೆ ನೋಡಿ.

ಕೊನೆಯ ಬೆಳಗ್ಗೆ ತಿಂಡಿ ಬೇಗ ಶುರುವಾಗಿ ಬೇಗ ಮುಗಿಯುತ್ತದೆ. ಬಫೆಗಿಂತ ಡೈನಿಂಗ್ ರೂಮಿನಲ್ಲಿ ಜನ ಕಡಿಮೆ, ಅಲ್ಲಿಗೇ ಹೋಗಿ. ತಿನ್ನದೆ ಉಳಿದ ಸೇಬು, ಕಿತ್ತಳೆಯನ್ನು ಕ್ಯಾಬಿನ್‌ನಲ್ಲೇ ಬಿಟ್ಟು ಇಳಿಯಿರಿ. ತಾಜಾ ಹಣ್ಣು ಚೀಲದಲ್ಲಿ ಸಿಕ್ಕಿದರೆ ಕಸ್ಟಮ್ಸ್‌ನವರು ದಂಡ ಹಾಕಬಹುದು. ಉಳಿದ ಚಟ್ನಿಪುಡಿ ಪ್ಯಾಕೆಟ್ ಬಗ್ಗೆ ಕೇಳಿದರೆ ಇದೆ ಅಂತ ನೇರವಾಗಿ ಹೇಳಿ.